1978ರ ಬೆಲ್ಮಾಂಟ್ ಸ್ಟೇಕ್ಸ್

1978ರ ಬೆಲ್ಮಾಂಟ್ ಸ್ಟೇಕ್ಸ್ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿರುವ ಬೆಲ್ಮಾಂಟ್ ಪಾರ್ಕ್ ರೇಸ್ ಮೈದಾನದಲ್ಲಿ 1978ರ ಜೂನ್ 10ರಂದು ನಡೆದ ಥರೋಬ್ರೆಡ್ ತಳಿಯ ಕುದುರೆಗಳ ಓಟದ ಸ್ಪರ್ಧೆ. ಇದು ಈ ಸ್ಪರ್ಧೆಯ 110ನೆಯ ಆವೃತ್ತಿ. ಒಂದೂವರೆ ಮೈಲು (ಸುಮಾರು 2,414 ಮೀಟರ್) ದೂರದ ಈ ಓಟದಲ್ಲಿ ಅಫರ್ಮ್ಡ್ ಎಂಬ ಕುದುರೆ ತನ್ನ ಪ್ರತಿಸ್ಪರ್ಧಿ ಆಲಿಡಾರ್‌ಗಿಂತ ಕೇವಲ ಒಂದು ತಲೆಯಷ್ಟು ಮುಂದೆ ಗುರಿ ಮುಟ್ಟಿ ಗೆದ್ದಿತು. ಈ ಗೆಲುವಿನಿಂದ ಅಫರ್ಮ್ಡ್ ಅಮೆರಿಕದ ಟ್ರಿಪಲ್ ಕ್ರೌನ್ ಪಡೆದ 11ನೆಯ ಕುದುರೆಯಾಯಿತು. ಆಲಿಡಾರ್ ಟ್ರಿಪಲ್ ಕ್ರೌನ್‌ನ ಮೂರೂ ಓಟಗಳಲ್ಲಿ ಎರಡನೆಯ ಸ್ಥಾನ ಪಡೆದ ಮೊದಲ ಕುದುರೆಯಾಯಿತು. ಅಮೆರಿಕದ ಕುದುರೆ ಓಟದ ಇತಿಹಾಸದ ಅತ್ಯಂತ ನಿಕಟ ಹಾಗೂ ಶ್ರೇಷ್ಠ ಸ್ಪರ್ಧೆಗಳಲ್ಲಿ ಇದನ್ನು ಒಂದೆಂದು ಪರಿಗಣಿಸಲಾಗುತ್ತದೆ.

ಟ್ರಿಪಲ್ ಕ್ರೌನ್

ಕೆಂಟಕಿ ಡರ್ಬಿ, ಪ್ರೀಕ್‌ನೆಸ್ ಸ್ಟೇಕ್ಸ್ ಮತ್ತು ಬೆಲ್ಮಾಂಟ್ ಸ್ಟೇಕ್ಸ್ ಎಂಬ ಮೂರು ಓಟಗಳನ್ನು ಒಂದೇ ವರ್ಷದಲ್ಲಿ ಗೆಲ್ಲುವ ಸಾಧನೆಗೆ ಅಮೆರಿಕದಲ್ಲಿ ಟ್ರಿಪಲ್ ಕ್ರೌನ್, ಅಂದರೆ ಮೂರು ಕಿರೀಟಗಳ ಗೌರವ, ಎಂಬ ಹೆಸರಿದೆ. 1978ರಲ್ಲಿ ಈ ಮೂರು ಓಟಗಳು ಐದು ವಾರಗಳ ಅವಧಿಯಲ್ಲಿ ಮೂರು ಬೇರೆ ಬೇರೆ ನಗರಗಳಲ್ಲಿ ನಡೆದವು. ಡರ್ಬಿಯ ದೂರ ಒಂದೂಕಾಲು ಮೈಲು, ಪ್ರೀಕ್‌ನೆಸ್‌ನ ದೂರ ಅದಕ್ಕಿಂತ ಸ್ವಲ್ಪ ಕಡಿಮೆ. ಒಂದೂವರೆ ಮೈಲಿನ ಬೆಲ್ಮಾಂಟ್ ಮೂರರಲ್ಲಿ ಅತ್ಯಂತ ದೀರ್ಘವಾದುದು. ಬೆಲ್ಮಾಂಟ್ ಪಾರ್ಕ್‌ನ ಮಣ್ಣಿನ ಓಟದ ಹಾದಿಯ ಸುತ್ತಳತೆಯೂ ಒಂದೂವರೆ ಮೈಲು ಆಗಿದ್ದುದರಿಂದ ಈ ಓಟ ಮೈದಾನದ ಒಂದು ಪೂರ್ಣ ಸುತ್ತಿಗೆ ಸಮನಾಗಿತ್ತು.

ಈ ಮೂರೂ ಓಟಗಳಲ್ಲಿ ಮೂರು ವರ್ಷ ವಯಸ್ಸಿನ ಕುದುರೆಗಳಿಗೆ ಮಾತ್ರ ಪ್ರವೇಶವಿದೆ. ಆದ್ದರಿಂದ ಒಂದು ಕುದುರೆಗೆ ಜೀವಮಾನದಲ್ಲಿ ಇವುಗಳಲ್ಲಿ ಓಡುವ ಅವಕಾಶ ಒಮ್ಮೆ ಮಾತ್ರ ದೊರೆಯುತ್ತದೆ. ಸೋತ ಕುದುರೆ ಮರುವರ್ಷ ಮತ್ತೆ ಪ್ರಯತ್ನಿಸುವಂತಿಲ್ಲ. 1919ರಲ್ಲಿ ಸರ್ ಬಾರ್ಟನ್ ಮೊದಲ ಬಾರಿಗೆ ಮೂರನ್ನೂ ಗೆದ್ದಿತು. 1948ರಲ್ಲಿ ಸೈಟೇಷನ್ ಗೆದ್ದ ಬಳಿಕ 25 ವರ್ಷಗಳ ಕಾಲ ಯಾವ ಕುದುರೆಗೂ ಈ ಗೌರವ ಸಿಗಲಿಲ್ಲ. 1973ರಲ್ಲಿ ಸೆಕ್ರೆಟೇರಿಯಟ್ ಮತ್ತು 1977ರಲ್ಲಿ ಸಿಯಾಟಲ್ ಸ್ಲೂ ಇದನ್ನು ಸಾಧಿಸಿದವು.

ಗೆಲುವಿನ ಅಂತರದ ಅಳತೆ

ಕುದುರೆ ಓಟದಲ್ಲಿ ಗೆಲುವಿನ ಅಂತರವನ್ನು ಕುದುರೆಯ ದೇಹದ ಅಳತೆಯಿಂದಲೇ ಹೇಳುವ ರೂಢಿಯಿದೆ. ಒಂದು ಕುದುರೆಯ ಉದ್ದವನ್ನು 'ಲೆಂತ್' ಎನ್ನುತ್ತಾರೆ. ಇದು ಸುಮಾರು ಎರಡೂವರೆ ಮೀಟರ್. ಇದಕ್ಕಿಂತ ಕಡಿಮೆಯಾದ ಅಂತರಗಳು ಕ್ರಮವಾಗಿ 'ನೆಕ್' (ಕತ್ತು), 'ಹೆಡ್' (ತಲೆ) ಮತ್ತು 'ನೋಸ್' (ಮೂಗು). ಭಾರತದ ರೇಸ್ ಮೈದಾನಗಳಲ್ಲಿಯೂ ಇದೇ ಪದಗಳು ಬಳಕೆಯಲ್ಲಿವೆ. 1978ರಲ್ಲಿ ಅಫರ್ಮ್ಡ್ ಕುದುರೆಯು ಆಲಿಡಾರನ್ನು ಡರ್ಬಿಯಲ್ಲಿ ಒಂದೂವರೆ ಲೆಂತ್, ಪ್ರೀಕ್‌ನೆಸ್‌ನಲ್ಲಿ ಒಂದು ನೆಕ್ ಮತ್ತು ಬೆಲ್ಮಾಂಟ್‌ನಲ್ಲಿ ಒಂದು ಹೆಡ್ ಅಂತರದಿಂದ ಸೋಲಿಸಿತು. ಮೂರೂ ಓಟಗಳ ಒಟ್ಟು ದೂರ ಸುಮಾರು 6.3 ಕಿಲೋಮೀಟರ್. ಇಷ್ಟು ದೂರದ ಕೊನೆಗೆ ಎರಡು ಕುದುರೆಗಳ ನಡುವಿನ ಅಂತರಗಳನ್ನೆಲ್ಲ ಕೂಡಿಸಿದರೂ ಎರಡು ಕುದುರೆಗಳ ಉದ್ದಕ್ಕಿಂತ ಕಡಿಮೆಯಾಗುತ್ತದೆ.

ಎರಡು ಕುದುರೆಗಳು

ಅಫರ್ಮ್ಡ್ 1975ರ ಫೆಬ್ರವರಿಯಲ್ಲಿ ಫ್ಲಾರಿಡಾ ರಾಜ್ಯದ ಹಾರ್ಬರ್ ವ್ಯೂ ಫಾರ್ಮ್‌ನಲ್ಲಿ ಜನಿಸಿತು. ಲೂಯಿಸ್ ವುಲ್ಫ್‌ಸನ್ ಮತ್ತು ಅವರ ಪತ್ನಿ ಪ್ಯಾಟ್ರಿಸ್ ಇದರ ಒಡೆಯರು. ಕ್ಯೂಬಾ ಮೂಲದ ಲ್ಯಾಜ್ ಬರೆರಾ ತರಬೇತುದಾರ. 1976ರಲ್ಲಿ ಬೋಲ್ಡ್ ಫೋರ್ಬ್ಸ್ ಎಂಬ ಕುದುರೆಯ ಮೂಲಕ ಡರ್ಬಿ ಮತ್ತು ಬೆಲ್ಮಾಂಟ್ ಎರಡನ್ನೂ ಗೆದ್ದ ಅನುಭವ ಅವರಿಗಿತ್ತು. ಜಾಕಿ ಸ್ಟೀವ್ ಕಾಥೆನ್ ಕೆಂಟಕಿ ರಾಜ್ಯದವರು. ಬೆಲ್ಮಾಂಟ್ ನಡೆದಾಗ ಅವರಿಗೆ ಕೇವಲ 18 ವರ್ಷ. ಹಿಂದಿನ ವರ್ಷವೇ ಅವರು ಒಂದೇ ವರ್ಷದಲ್ಲಿ 60 ಲಕ್ಷ ಡಾಲರ್‌ಗೂ ಹೆಚ್ಚು ಬಹುಮಾನ ಗೆದ್ದ ಮೊದಲ ಜಾಕಿ ಎನಿಸಿದ್ದರು.

ಆಲಿಡಾರ್ ಅದೇ ವರ್ಷದ ಮಾರ್ಚ್‌ನಲ್ಲಿ ಕೆಂಟಕಿಯ ಕ್ಯಾಲುಮೆಟ್ ಫಾರ್ಮ್‌ನಲ್ಲಿ ಜನಿಸಿತು. ವರ್ಲ್‌ಅವೇ (1941) ಮತ್ತು ಸೈಟೇಷನ್ (1948) ಎಂಬ ಇಬ್ಬರು ಟ್ರಿಪಲ್ ಕ್ರೌನ್ ವಿಜೇತರನ್ನು ಬೆಳೆಸಿದ ಕ್ಯಾಲುಮೆಟ್, 1970ರ ದಶಕದ ವೇಳೆಗೆ ತನ್ನ ಹಳೆಯ ವೈಭವವನ್ನು ಕಳೆದುಕೊಂಡಿತ್ತು. ಅದರ ಒಡತಿ ಲೂಸಿಲ್ ಮಾರ್ಕಿ ಮತ್ತು ಅವರ ಪತಿ ಅಡ್ಮಿರಲ್ ಜೀನ್ ಮಾರ್ಕಿ ಇಳಿವಯಸ್ಸಿನಲ್ಲಿದ್ದರು. ಲೂಸಿಲ್ ತಮ್ಮ ಸ್ನೇಹಿತ ರಾಜಕುಮಾರ ಅಲಿ ಖಾನ್‌ರನ್ನು ಸಂಬೋಧಿಸುತ್ತಿದ್ದ 'ಆಲಿ ಡಾರ್ಲಿಂಗ್' ಎಂಬ ಮಾತಿನಿಂದ ಕುದುರೆಗೆ ಈ ಹೆಸರು ಬಂತೆಂದು ಹೇಳಲಾಗುತ್ತದೆ. ತರಬೇತುದಾರ ಜಾನ್ ವೀಚ್. ಪನಾಮ ದೇಶದ ಅನುಭವಿ ಹೋರ್ಹೆ ವೆಲಾಸ್ಕೆಸ್ ಟ್ರಿಪಲ್ ಕ್ರೌನ್ ಓಟಗಳಲ್ಲಿ ಇದರ ಜಾಕಿಯಾಗಿದ್ದರು.

ಎರಡೂ ಕೆಂಬಣ್ಣದ ಗಂಡು ಕುದುರೆಗಳು, ರಕ್ತಸಂಬಂಧಿಗಳೂ ಹೌದು. ಆಲಿಡಾರ್‌ನ ತಂದೆ ರೇಸ್ ಎ ನೇಟಿವ್. ಅಫರ್ಮ್ಡ್‌ನ ತಂದೆ ಎಕ್ಸ್‌ಕ್ಲೂಸಿವ್ ನೇಟಿವ್ ಅದೇ ರೇಸ್ ಎ ನೇಟಿವ್‌ನ ಮಗ. ಓಟದ ರೀತಿಯಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿತ್ತು. ಅಫರ್ಮ್ಡ್ ಮುಂಚೂಣಿಯಲ್ಲಿ ಅಥವಾ ಅದರ ಸಮೀಪದಲ್ಲಿ ಓಡುತ್ತ, ಜಾಕಿಯ ಸೂಚನೆಗೆ ತಕ್ಕಂತೆ ವೇಗವನ್ನು ಹೊಂದಿಸಿಕೊಳ್ಳುತ್ತಿತ್ತು. ಆಲಿಡಾರ್ ಹಿಂದಿನಿಂದ ದೀರ್ಘ ಹೆಜ್ಜೆಗಳಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತ ಬರುವ ಕುದುರೆಯಾಗಿತ್ತು.

ಹಿನ್ನೆಲೆ

1977ರ ಸ್ಪರ್ಧೆಗಳು

ಎರಡು ವರ್ಷ ವಯಸ್ಸಿನಲ್ಲಿಯೇ ಈ ಕುದುರೆಗಳು ಆರು ಬಾರಿ ಎದುರಾದವು. ಆಲಿಡಾರ್‌ನ ಮೊಟ್ಟಮೊದಲ ಓಟವಾದ ಯೂತ್‌ಫುಲ್ ಸ್ಟೇಕ್ಸ್‌ನಲ್ಲಿ ಅಫರ್ಮ್ಡ್ ಗೆದ್ದಿತು, ಆಲಿಡಾರ್ ಐದನೆಯದಾಯಿತು. ಗ್ರೇಟ್ ಅಮೆರಿಕನ್ ಸ್ಟೇಕ್ಸ್‌ನಲ್ಲಿ ಆಲಿಡಾರ್ ಮೂರೂವರೆ ಲೆಂತ್‌ಗಳಿಂದ ಸೇಡು ತೀರಿಸಿಕೊಂಡಿತು. ಬಳಿಕ ಹೋಪ್‌ಫುಲ್ ಸ್ಟೇಕ್ಸ್ ಮತ್ತು ಬೆಲ್ಮಾಂಟ್ ಫ್ಯೂಚುರಿಟಿ ಅಫರ್ಮ್ಡ್‌ನ ಪಾಲಾದವು. ಷಾಂಪೇನ್ ಸ್ಟೇಕ್ಸ್ ಆಲಿಡಾರ್‌ಗೆ ಒಲಿಯಿತು. ವರ್ಷದ ಕೊನೆಯ ಭೇಟಿಯಾದ ಲಾರೆಲ್ ಫ್ಯೂಚುರಿಟಿಯಲ್ಲಿ ಅಫರ್ಮ್ಡ್ ಒಂದು ನೆಕ್ ಅಂತರದಿಂದ ಗೆದ್ದು, ಎರಡು ವರ್ಷದ ಗಂಡು ಕುದುರೆಗಳಲ್ಲಿ ವರ್ಷದ ಚಾಂಪಿಯನ್ ಎನಿಸಿತು. ಆ ವೇಳೆಗೆ ಲೆಕ್ಕ ನಾಲ್ಕು–ಎರಡು ಆಗಿತ್ತು.

ಡರ್ಬಿ ಮತ್ತು ಪ್ರೀಕ್‌ನೆಸ್

ಚಳಿಗಾಲದಲ್ಲಿ ಎರಡೂ ಕುದುರೆಗಳು ದೇಶದ ಎರಡು ತುದಿಗಳಲ್ಲಿ ಸಿದ್ಧತೆ ನಡೆಸಿದವು. ಅಫರ್ಮ್ಡ್ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ಅನೀಟಾ ಡರ್ಬಿ ಮತ್ತು ಹಾಲಿವುಡ್ ಡರ್ಬಿ ಸೇರಿದಂತೆ ಓಡಿದ ನಾಲ್ಕೂ ಓಟಗಳನ್ನು ಗೆದ್ದಿತು. ಆಲಿಡಾರ್ ಫ್ಲಾರಿಡಾದಲ್ಲಿ ಫ್ಲಮಿಂಗೊ ಸ್ಟೇಕ್ಸ್ ಮತ್ತು ಫ್ಲಾರಿಡಾ ಡರ್ಬಿ ಗೆದ್ದು, ಬಳಿಕ ಕೆಂಟಕಿಯ ಕೀನ್‌ಲ್ಯಾಂಡ್ ಮೈದಾನದಲ್ಲಿ ಬ್ಲೂ ಗ್ರಾಸ್ ಸ್ಟೇಕ್ಸನ್ನು 13 ಲೆಂತ್‌ಗಳಿಂದ ಗೆದ್ದಿತು. ಅಂದು ವೃದ್ಧ ಮಾರ್ಕಿ ದಂಪತಿಗಳು ಓಟದ ಹಾದಿಯ ಬೇಲಿಯ ಬಳಿಗೆ ಬಂದಿದ್ದರು. ಓಟಕ್ಕೆ ಮುನ್ನ ವೆಲಾಸ್ಕೆಸ್ ಕುದುರೆಯನ್ನು ಅವರ ಬಳಿಗೆ ನಡೆಸಿ ತಂದು ತೋರಿಸಿದ ದೃಶ್ಯ ಅನೇಕರ ನೆನಪಿನಲ್ಲಿ ಉಳಿಯಿತು.

ಮೇ 6ರ ಕೆಂಟಕಿ ಡರ್ಬಿಯಲ್ಲಿ ಬಾಜಿ ಕಟ್ಟುವವರ ಮೊದಲ ಆಯ್ಕೆ ಆಲಿಡಾರ್ ಆಗಿತ್ತು. ಆದರೆ ಆರಂಭದಲ್ಲಿ ಅದು ಬಹಳ ಹಿಂದೆ ಉಳಿಯಿತು. ಕೊನೆಯಲ್ಲಿ ವೇಗವಾಗಿ ಬಂದರೂ ಅಫರ್ಮ್ಡ್ ಒಂದೂವರೆ ಲೆಂತ್‌ಗಳಿಂದ ಗೆದ್ದಿತ್ತು. ಎರಡು ವಾರಗಳ ನಂತರ, ಮೇ 20ರಂದು ಬಾಲ್ಟಿಮೋರ್‌ನ ಪಿಮ್ಲಿಕೊ ಮೈದಾನದಲ್ಲಿ ನಡೆದ ಪ್ರೀಕ್‌ನೆಸ್‌ನಲ್ಲಿ ವೆಲಾಸ್ಕೆಸ್ ಆಲಿಡಾರನ್ನು ಮುಂಚೂಣಿಯ ಹತ್ತಿರವೇ ಇರಿಸಿದರು. ಕೊನೆಯ ತಿರುವಿನಿಂದ ಎರಡೂ ಕುದುರೆಗಳು ಸಮೀಪದಲ್ಲಿಯೇ ಓಡಿದವು. ಈ ಬಾರಿ ಅಂತರ ಒಂದು ನೆಕ್ ಮಾತ್ರ. ಎರಡೂ ಓಟಗಳಲ್ಲಿ ಬಿಲೀವ್ ಇಟ್ ಎಂಬ ಕುದುರೆ ಮೂರನೆಯದಾಯಿತು.

ಬೆಲ್ಮಾಂಟ್‌ಗೆ ಮುನ್ನ

ಜೂನ್ ವೇಳೆಗೆ ಅಫರ್ಮ್ಡ್ ಒಟ್ಟು 15 ಓಟಗಳಲ್ಲಿ ಓಡಿ 13ರಲ್ಲಿ ಗೆದ್ದಿತ್ತು. ಸೋತಿದ್ದ ಎರಡೂ ಓಟಗಳನ್ನು ಗೆದ್ದದ್ದು ಆಲಿಡಾರ್. ಆದರೂ ಬೆಲ್ಮಾಂಟ್‌ನಲ್ಲಿ ಆಲಿಡಾರ್ ಗೆಲ್ಲಬಹುದೆಂದು ನಂಬಲು ಕಾರಣಗಳಿದ್ದವು. ಎರಡು ಕುದುರೆಗಳ ನಡುವಿನ ಅಂತರ ಓಟದಿಂದ ಓಟಕ್ಕೆ ಕಡಿಮೆಯಾಗುತ್ತ ಬಂದಿತ್ತು. ಕೊನೆಯ ಹಂತದಲ್ಲಿ ವೇಗ ಹೆಚ್ಚಿಸಿಕೊಳ್ಳುವ ಆಲಿಡಾರ್‌ಗೆ ಒಂದೂವರೆ ಮೈಲಿನ ದೀರ್ಘ ಓಟ ಹೆಚ್ಚು ಅನುಕೂಲಕರವೆಂದು ಹಲವರು ಭಾವಿಸಿದ್ದರು. ವೀಚ್ ಒಂದು ಬದಲಾವಣೆಯನ್ನೂ ಮಾಡಿದರು. ಪಕ್ಕದ ನೋಟವನ್ನು ಮರೆಮಾಡುವ ಕಣ್ಣಪಟ್ಟಿಯನ್ನು ಆಲಿಡಾರ್‌ನ ಮುಖದಿಂದ ತೆಗೆಸಿದರು. ಎದುರಾಳಿಯನ್ನು ಕಣ್ಣಾರೆ ಕಂಡರೆ ಕುದುರೆ ಇನ್ನಷ್ಟು ಛಲದಿಂದ ಓಡಬಹುದೆಂಬುದು ಅವರ ಆಶಯವಾಗಿತ್ತು.

ಓಟಕ್ಕೆ ಐದು ಕುದುರೆಗಳು ಮಾತ್ರ ನಿಂತವು. ಎಲ್ಲವೂ 126 ಪೌಂಡ್ (ಸುಮಾರು 57 ಕಿಲೋಗ್ರಾಂ) ಸಮಾನ ಭಾರವನ್ನು ಹೊತ್ತಿದ್ದವು. 65,000ಕ್ಕೂ ಹೆಚ್ಚು ಪ್ರೇಕ್ಷಕರು ಸೇರಿದ್ದರು. ಬಾಜಿಯಲ್ಲಿ ಅಫರ್ಮ್ಡ್ ಮೊದಲ ಆಯ್ಕೆ, ಆಲಿಡಾರ್ ಎರಡನೆಯದು.

ಓಟ

ಓಟ ಆರಂಭವಾದಾಗ ವೇಗವಾಗಿ ಮುನ್ನುಗ್ಗಬಲ್ಲ ಬೇರೆ ಕುದುರೆ ಇರಲಿಲ್ಲ. ಕಾಥೆನ್ ಅಫರ್ಮ್ಡನ್ನು ಸುಲಭವಾಗಿ ಮುಂಚೂಣಿಗೆ ತಂದು, ಒಳಬದಿಯ ಬೇಲಿಯ ಹತ್ತಿರ ನಿಧಾನವಾಗಿ ಓಡಿಸಿದರು. ಮೊದಲ ಕಾಲು ಮೈಲಿಗೆ 25 ಸೆಕೆಂಡು, ಅರ್ಧ ಮೈಲಿಗೆ 50 ಸೆಕೆಂಡು ಹಿಡಿಯಿತು. ಐದು ವರ್ಷಗಳ ಹಿಂದೆ ಸೆಕ್ರೆಟೇರಿಯಟ್ ಓಡಿದ ಬೆಲ್ಮಾಂಟ್‌ನಲ್ಲಿ ಅರ್ಧ ಮೈಲು 46.2 ಸೆಕೆಂಡುಗಳಲ್ಲಿ ಮುಗಿದಿತ್ತು.

ನಿಧಾನಗತಿಯ ಆರಂಭದಿಂದ ಲಾಭವಾಗುವುದು ಮುಂದಿರುವ ಕುದುರೆಗೆ. ಶಕ್ತಿ ವ್ಯಯವಾಗದೆ ಉಳಿದ ಆ ಕುದುರೆಯನ್ನು ಕೊನೆಯಲ್ಲಿ ಹಿಂದಿನಿಂದ ಬಂದು ಹಿಡಿಯುವುದು ಕಷ್ಟ. ಇದನ್ನು ಅರಿತ ವೆಲಾಸ್ಕೆಸ್ ಕೊನೆಯ ತಿರುವಿಗಾಗಿ ಕಾಯಲಿಲ್ಲ. ಮೈದಾನದ ಆಚೆ ಬದಿಯ ನೇರ ಹಾದಿಯಲ್ಲಿ, ಅರ್ಧಕ್ಕೂ ಹೆಚ್ಚು ದೂರ ಬಾಕಿ ಇರುವಾಗಲೇ, ಆಲಿಡಾರನ್ನು ಅಫರ್ಮ್ಡ್‌ನ ಹೊರಮಗ್ಗುಲಿಗೆ ತಂದರು. ಅಲ್ಲಿಂದ ಮುಂದೆ ಉಳಿದ ಮೂರು ಕುದುರೆಗಳು ಸ್ಪರ್ಧೆಯಿಂದ ಹೊರಗುಳಿದಂತಾಯಿತು. ಒಳಗೆ ಅಫರ್ಮ್ಡ್, ಹೊರಗೆ ಆಲಿಡಾರ್. ಎರಡೂ ಜೊತೆಜೊತೆಯಾಗಿ ದೊಡ್ಡ ತಿರುವನ್ನು ದಾಟಿದವು.

ಅಂತಿಮ ನೇರ ಹಾದಿಯಲ್ಲಿ ಆಲಿಡಾರ್ ಅಂಗುಲ ಅಂಗುಲವಾಗಿ ಸಮೀಪಿಸಿತು. ಒಂದು ಹಂತದಲ್ಲಿ ಅದು ಮೂಗಿನಷ್ಟು ಮುಂದಾಯಿತೆಂದೇ ಓಟದ ವಿವರಣೆಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. ಅಮೆರಿಕದಲ್ಲಿ ಕುದುರೆಗಳು ಅಪ್ರದಕ್ಷಿಣವಾಗಿ ಓಡುವುದರಿಂದ ಒಳಬದಿಯ ಬೇಲಿ ಅಫರ್ಮ್ಡ್‌ನ ಎಡಕ್ಕಿತ್ತು, ಆಲಿಡಾರ್ ಅದರ ಬಲಕ್ಕೆ ಒತ್ತಿಕೊಂಡಂತೆ ಓಡುತ್ತಿತ್ತು. ಬಲಗೈಯಿಂದ ಚಾವಟಿ ಬೀಸಲು ಜಾಗವಿಲ್ಲದೆ ಕಾಥೆನ್ ಅದನ್ನು ಎಡಗೈಗೆ ಬದಲಾಯಿಸಿಕೊಂಡರು. ಅವರು ಈ ಕುದುರೆಗೆ ಎಡಗೈಯಿಂದ ಚಾವಟಿ ತಾಗಿಸಿದ್ದು ಅದೇ ಮೊದಲು. ಅಫರ್ಮ್ಡ್ ಪ್ರತಿಸ್ಪಂದಿಸಿ ಮತ್ತೆ ತಲೆಯಷ್ಟು ಮುಂದಾಯಿತು. ಗುರಿಯ ಗೆರೆಯವರೆಗೂ ಆಲಿಡಾರ್ ಹಿಂಜರಿಯಲಿಲ್ಲ, ಅಫರ್ಮ್ಡ್ ಬಿಟ್ಟುಕೊಡಲಿಲ್ಲ.

ಫಲಿತಾಂಶ

1. ಅಫರ್ಮ್ಡ್ – ಜಾಕಿ ಸ್ಟೀವ್ ಕಾಥೆನ್, ತರಬೇತುದಾರ ಲ್ಯಾಜ್ ಬರೆರಾ
2. ಆಲಿಡಾರ್ – ಜಾಕಿ ಹೋರ್ಹೆ ವೆಲಾಸ್ಕೆಸ್, ತರಬೇತುದಾರ ಜಾನ್ ವೀಚ್. ಒಂದು ಹೆಡ್ ಹಿಂದೆ
3. ಡಾರ್ಬಿ ಕ್ರೀಕ್ ರೋಡ್ – ಆಲಿಡಾರ್‌ಗಿಂತ 13 ಲೆಂತ್ ಹಿಂದೆ
4. ಜಡ್ಜ್ ಅಡ್ವೊಕೇಟ್
5. ನೂನ್ ಟೈಮ್ ಸ್ಪೆಂಡರ್

ಗೆದ್ದ ಕುದುರೆಯ ಸಮಯ 2 ನಿಮಿಷ 26.8 ಸೆಕೆಂಡು.

ವೇಗದ ವಿಶ್ಲೇಷಣೆ

ಮುಂಚೂಣಿಯ ಕುದುರೆ ಪ್ರತಿ ಕಾಲು ಮೈಲಿಗೆ ತೆಗೆದುಕೊಂಡ ಸಮಯ ಕ್ರಮವಾಗಿ 25, 25, 24, 23.4, 24.2 ಮತ್ತು 25.2 ಸೆಕೆಂಡು. ಆರು ಭಾಗಗಳಲ್ಲಿ ಅತ್ಯಂತ ವೇಗವಾದುದು ನಾಲ್ಕನೆಯದು, ಅಂದರೆ ಆಲಿಡಾರ್ ಪಕ್ಕಕ್ಕೆ ಬಂದು ಸವಾಲೊಡ್ಡಿದ ಭಾಗ. ಸಾಮಾನ್ಯವಾಗಿ ದೀರ್ಘ ಓಟಗಳ ಮಧ್ಯಭಾಗದಲ್ಲಿ ಕುದುರೆಗಳು ಉಸಿರು ಉಳಿಸಿಕೊಳ್ಳುತ್ತವೆ. ಇಲ್ಲಿ ಆ ವಿರಾಮ ಎರಡಕ್ಕೂ ದೊರೆಯಲಿಲ್ಲ. ಕೊನೆಯ ಒಂದು ಮೈಲನ್ನು 1 ನಿಮಿಷ 36.8 ಸೆಕೆಂಡುಗಳಲ್ಲಿ ಓಡಲಾಯಿತು.

ಆರಂಭದ ವೇಗವನ್ನು ನಿಯಂತ್ರಿಸಿದ ಕಾಥೆನ್‌ರ ನಿರ್ಧಾರ ಅಫರ್ಮ್ಡ್‌ಗೆ ಕೊನೆಯ ಕ್ಷಣದ ಶಕ್ತಿಯನ್ನು ಉಳಿಸಿಕೊಟ್ಟಿತು. ಬೇಗನೆ ಸವಾಲೊಡ್ಡಿದ ವೆಲಾಸ್ಕೆಸ್‌ರ ನಿರ್ಧಾರ ಆ ಲಾಭವನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. ಹೀಗೆ ಇಬ್ಬರು ಜಾಕಿಗಳ ಲೆಕ್ಕಾಚಾರಗಳೂ ಸರಿಯಾಗಿಯೇ ಇದ್ದುದರಿಂದ ಅಂತರ ಒಂದು ತಲೆಗೆ ಇಳಿಯಿತು. ಸೆಕ್ರೆಟೇರಿಯಟ್ 1973ರಲ್ಲಿ 2 ನಿಮಿಷ 24 ಸೆಕೆಂಡುಗಳ ದಾಖಲೆಯೊಡನೆ 31 ಲೆಂತ್‌ಗಳಿಂದ ಗೆದ್ದಾಗ ಅದರ ಸಮೀಪ ಯಾವ ಕುದುರೆಯೂ ಇರಲಿಲ್ಲ. 1978ರ ಓಟದ ಹಿರಿಮೆ ಬೇರೆ ಬಗೆಯದು: ಸೋತ ಕುದುರೆಯ ಸಾಮರ್ಥ್ಯವೂ ಗೆದ್ದ ಕುದುರೆಯ ಸಾಮರ್ಥ್ಯಕ್ಕೆ ಅಳತೆಗೋಲಾಯಿತು.

ಹತ್ತು ಮುಖಾಮುಖಿಗಳು

1977
- ಯೂತ್‌ಫುಲ್ ಸ್ಟೇಕ್ಸ್: ಅಫರ್ಮ್ಡ್
- ಗ್ರೇಟ್ ಅಮೆರಿಕನ್ ಸ್ಟೇಕ್ಸ್: ಆಲಿಡಾರ್, ಮೂರೂವರೆ ಲೆಂತ್
- ಹೋಪ್‌ಫುಲ್ ಸ್ಟೇಕ್ಸ್: ಅಫರ್ಮ್ಡ್, ಅರ್ಧ ಲೆಂತ್
- ಬೆಲ್ಮಾಂಟ್ ಫ್ಯೂಚುರಿಟಿ: ಅಫರ್ಮ್ಡ್, ನೋಸ್
- ಷಾಂಪೇನ್ ಸ್ಟೇಕ್ಸ್: ಆಲಿಡಾರ್, ಒಂದೂಕಾಲು ಲೆಂತ್
- ಲಾರೆಲ್ ಫ್ಯೂಚುರಿಟಿ: ಅಫರ್ಮ್ಡ್, ನೆಕ್

1978
- ಕೆಂಟಕಿ ಡರ್ಬಿ: ಅಫರ್ಮ್ಡ್, ಒಂದೂವರೆ ಲೆಂತ್
- ಪ್ರೀಕ್‌ನೆಸ್ ಸ್ಟೇಕ್ಸ್: ಅಫರ್ಮ್ಡ್, ನೆಕ್
- ಬೆಲ್ಮಾಂಟ್ ಸ್ಟೇಕ್ಸ್: ಅಫರ್ಮ್ಡ್, ಹೆಡ್
- ಟ್ರಾವರ್ಸ್ ಸ್ಟೇಕ್ಸ್: ಆಲಿಡಾರ್ (ಅಫರ್ಮ್ಡ್‌ನ ಅನರ್ಹತೆಯಿಂದ)

ಒಟ್ಟು ಲೆಕ್ಕ ಅಫರ್ಮ್ಡ್ 7, ಆಲಿಡಾರ್ 3.

ನಂತರದ ಘಟನೆಗಳು

1978ರ ಆಗಸ್ಟ್ 19ರಂದು ಸಾರಟೋಗಾದಲ್ಲಿ ನಡೆದ ಟ್ರಾವರ್ಸ್ ಸ್ಟೇಕ್ಸ್ ಎರಡು ಕುದುರೆಗಳ ಕೊನೆಯ ಭೇಟಿ. ಗಾಯಗೊಂಡಿದ್ದ ಕಾಥೆನ್‌ರ ಬದಲಿಗೆ ಲಫಿಟ್ ಪಿಂಕೇ ಅಫರ್ಮ್ಡ್‌ನ ಜಾಕಿಯಾಗಿದ್ದರು. ಅಫರ್ಮ್ಡ್ ಮೊದಲು ಗುರಿ ಮುಟ್ಟಿತಾದರೂ ಓಟದ ನಡುವೆ ಆಲಿಡಾರ್‌ನ ದಾರಿಗೆ ಅಡ್ಡಬಂದಿತೆಂದು ತೀರ್ಪುಗಾರರು ಅದನ್ನು ಎರಡನೆಯ ಸ್ಥಾನಕ್ಕಿಳಿಸಿ, ಆಲಿಡಾರನ್ನು ವಿಜೇತ ಎಂದು ಘೋಷಿಸಿದರು.

ಅಫರ್ಮ್ಡ್ 1978 ಮತ್ತು 1979ರಲ್ಲಿ ಅಮೆರಿಕದ 'ವರ್ಷದ ಕುದುರೆ' ಗೌರವ ಪಡೆಯಿತು. ಒಟ್ಟು 29 ಓಟಗಳಲ್ಲಿ 22 ಗೆದ್ದ ಅದು 20 ಲಕ್ಷ ಡಾಲರ್‌ಗೂ ಹೆಚ್ಚು ಬಹುಮಾನ ಗಳಿಸಿದ ಮೊದಲ ಥರೋಬ್ರೆಡ್ ಕುದುರೆ. ಆಲಿಡಾರ್ 26 ಓಟಗಳಲ್ಲಿ 14 ಗೆದ್ದಿತು. ಎರಡೂ ಕುದುರೆಗಳು ಅಮೆರಿಕದ ರಾಷ್ಟ್ರೀಯ ರೇಸಿಂಗ್ ವಸ್ತುಸಂಗ್ರಹಾಲಯದ ಕೀರ್ತಿಭವನಕ್ಕೆ ಸೇರಿವೆ. ಕಾಥೆನ್ 1979ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿ ಮೂರು ಬಾರಿ ಚಾಂಪಿಯನ್ ಜಾಕಿಯಾದರು. ಸ್ಲಿಪ್ ಆಂಕರ್ (1985) ಮತ್ತು ರೆಫರೆನ್ಸ್ ಪಾಯಿಂಟ್ (1987) ಕುದುರೆಗಳ ಮೇಲೆ ಎಪ್ಸಮ್ ಡರ್ಬಿಯನ್ನೂ ಗೆದ್ದರು.

ತಳಿವೃದ್ಧಿಯಲ್ಲಿ ಆಲಿಡಾರ್‌ನದೇ ಮೇಲುಗೈ ಎನ್ನಬಹುದು. 1987ರಲ್ಲಿ ಡರ್ಬಿ ಮತ್ತು ಪ್ರೀಕ್‌ನೆಸ್ ಗೆದ್ದ ಅಲಿಷೇಬ, 1989ರಲ್ಲಿ ಬೆಲ್ಮಾಂಟ್ ಗೆದ್ದ ಈಸಿ ಗೋಅರ್, 1991ರಲ್ಲಿ ಡರ್ಬಿ ಗೆದ್ದ ಸ್ಟ್ರೈಕ್ ದ ಗೋಲ್ಡ್ ಮೂರೂ ಅದರ ಮರಿಗಳು. 1990ರ ನವೆಂಬರ್‌ನಲ್ಲಿ ಕಾಲು ಮುರಿದು ಆಲಿಡಾರ್ ಕ್ಯಾಲುಮೆಟ್‌ನಲ್ಲಿ ಅಂತ್ಯ ಕಂಡಿತು. ಮರುವರ್ಷ ಕ್ಯಾಲುಮೆಟ್ ಫಾರ್ಮ್ ದಿವಾಳಿಯಾಯಿತು. ಅಫರ್ಮ್ಡ್ 2001ರ ಜನವರಿಯಲ್ಲಿ ಕೆಂಟಕಿಯಲ್ಲಿ ಮರಣಹೊಂದಿತು.

ಮಹತ್ವ

ಸಿಯಾಟಲ್ ಸ್ಲೂ ಮತ್ತು ಅಫರ್ಮ್ಡ್ ಅನುಕ್ರಮವಾಗಿ ಎರಡು ವರ್ಷ ಟ್ರಿಪಲ್ ಕ್ರೌನ್ ಗೆದ್ದದ್ದು ಇತಿಹಾಸದಲ್ಲಿ ಅದೇ ಮೊದಲು. ಆರು ವರ್ಷಗಳಲ್ಲಿ ಮೂರು ವಿಜೇತರನ್ನು ಕಂಡ ಜನರಿಗೆ ಈ ಸಾಧನೆ ಇನ್ನು ಸುಲಭವೆಂದು ತೋರಿದ್ದರೆ ಅಚ್ಚರಿಯಿಲ್ಲ. ಆದರೆ ಮುಂದಿನ 37 ವರ್ಷ ಯಾವ ಕುದುರೆಗೂ ಅದು ದಕ್ಕಲಿಲ್ಲ. ಈ ಅವಧಿಯಲ್ಲಿ 13 ಕುದುರೆಗಳು ಡರ್ಬಿ ಮತ್ತು ಪ್ರೀಕ್‌ನೆಸ್ ಎರಡನ್ನೂ ಗೆದ್ದವು. ಅವುಗಳಲ್ಲಿ 12 ಬೆಲ್ಮಾಂಟ್‌ನಲ್ಲಿ ಓಡಿ ಸೋತವು. 2012ರಲ್ಲಿ ಐ'ಲ್ ಹ್ಯಾವ್ ಅನದರ್ ಓಟಕ್ಕೆ ಮುನ್ನವೇ ಹಿಂದೆ ಸರಿಯಿತು. ಸೋತವುಗಳಲ್ಲಿ ಆಲಿಡಾರ್‌ನ ಮಗ ಅಲಿಷೇಬ ಒಂದು. 1989ರಲ್ಲಿ ಸಂಡೇ ಸೈಲೆನ್ಸ್‌ಗೆ ಮೂರನೆಯ ಕಿರೀಟ ತಪ್ಪಿಸಿದ ಈಸಿ ಗೋಅರ್ ಸಹ ಆಲಿಡಾರ್‌ನ ಮಗನೇ. 1998ರಲ್ಲಿ ರಿಯಲ್ ಕ್ವಯಟ್ ಒಂದು ನೋಸ್ ಅಂತರದಿಂದ ಅವಕಾಶ ಕಳೆದುಕೊಂಡಿತು. ಕೊನೆಗೆ 2015ರಲ್ಲಿ ಅಮೆರಿಕನ್ ಫೇರೋ 12ನೆಯ ವಿಜೇತನಾಯಿತು. 2018ರಲ್ಲಿ ಜಸ್ಟಿಫೈ 13ನೆಯದು.

ಆಲಿಡಾರ್ ಮತ್ತೊಂದು ವರ್ಷ ಜನಿಸಿದ್ದರೆ ಟ್ರಿಪಲ್ ಕ್ರೌನ್ ಗೆಲ್ಲಬಹುದಿತ್ತೆಂಬ ಮಾತು ಕುದುರೆ ಓಟದ ಚರ್ಚೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. 1978ರ ಡರ್ಬಿ ಮತ್ತು ಪ್ರೀಕ್‌ನೆಸ್‌ನಂತೆ ಬೆಲ್ಮಾಂಟ್‌ನಲ್ಲಿಯೂ ಅದರ ಮುಂದೆ ಇದ್ದದ್ದು ಒಂದೇ ಕುದುರೆ. ಅಫರ್ಮ್ಡ್‌ನ ಹೆಸರನ್ನು ಆಲಿಡಾರ್‌ನ ಹೆಸರಿನೊಡನೆ ಸೇರಿಸಿಯೇ ಹೇಳುವ ರೂಢಿ ಆ ಓಟದಿಂದ ಬಂದುದಾಗಿದೆ.